ಗ್ರಿಪ್ ಮಾರಿದ್ದಕ್ಕೆ ಪೇಟೆಂಟ್ ನೋಟಿಸ್ ಬಂದರೆ ಏನು ಮಾಡಬೇಕು?

ಬ್ಯಾಟಿನ ಗ್ರಿಪ್, ಶಟಲ್ ರಾಕೆಟ್ಟಿನ ಓವರ್‌ಗ್ರಿಪ್, ಹಾಕಿ ಸ್ಟಿಕ್ಕಿನ ಹಿಡಿಗೆ ಸುತ್ತುವ ಟೇಪು. ಇವನ್ನು ಮಾಡುವವರು, ತರಿಸಿ ಮಾರುವವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ವಕೀಲರ ನೋಟಿಸ್ ಬಂದಿದೆ ಸರ್. ನಮ್ಮ ಗ್ರಿಪ್ಪು ಅವರ ಪೇಟೆಂಟಿನ ಕಾಪಿಯಂತೆ. ಮಾರೋದು ನಿಲ್ಲಿಸಿಬಿಡ್ಲಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ.

ಪೇಟೆಂಟ್ ದಾಖಲೆ ಓದುವುದು ನನ್ನ ದಿನನಿತ್ಯದ ಕೆಲಸ. ಅದರಿಂದ ಕಲಿತ ಒಂದು ವಿಷಯ ಮೊದಲೇ ಹೇಳುತ್ತೇನೆ. ಎರಡು ಗ್ರಿಪ್ ಅಕ್ಕಪಕ್ಕ ಇಟ್ಟು "ಒಂದೇ ಥರ ಕಾಣ್ತವೆ" ಅಂದರೆ ಪೇಟೆಂಟಿನ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ. ಪೇಟೆಂಟಿನ ಕೊನೆಯ ಪುಟಗಳಲ್ಲಿ ಒಂದು ಉದ್ದನೆಯ ವಾಕ್ಯ ಇರುತ್ತದೆ. ಆ ವಾಕ್ಯದಲ್ಲಿ ಹೇಳಿದ್ದೆಲ್ಲ ನಿಮ್ಮ ಗ್ರಿಪ್ಪಿನಲ್ಲಿ ಇದೆಯಾ? ಜಗಳ ನಿಂತಿರುವುದು ಅಷ್ಟರ ಮೇಲೆ. ಆದರೆ ನೋಟಿಸ್ ಬಂದವರಲ್ಲಿ ಆ ವಾಕ್ಯ ಓದಿದವರು ಬಹಳ ಕಮ್ಮಿ. ಚಿತ್ರ ನೋಡುತ್ತಾರೆ, ಹೆದರುತ್ತಾರೆ, ಮಾಲು ಗೋಡೌನಿಗೆ ಹಾಕುತ್ತಾರೆ.

ಇಲ್ಲಿ ಹೇಳುವುದು ಭಾರತದ ಕಾನೂನಿನ ಮಾತು. ಮುಖ್ಯವಾಗಿ 1970ರ ಪೇಟೆಂಟ್ ಕಾಯ್ದೆ, 2000ದ ವಿನ್ಯಾಸ ಕಾಯ್ದೆ.

ಕೂರುವ ಮೊದಲು ಇವಿಷ್ಟು ಎದುರಿಗೆ ಇರಲಿ: ನೋಟಿಸ್ ಮತ್ತು ಅದು ಬಂದ ಲಕೋಟೆ, ನೀವು ಮಾರುವ ಗ್ರಿಪ್ಪಿನ ಐದಾರು ಪ್ಯಾಕೆಟ್, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಬ್ಲೇಡು, ಇಂಟರ್ನೆಟ್ ಇರುವ ಕಂಪ್ಯೂಟರ್, ಗೆರೆ ಹಾಕಿದ ನೋಟ್‌ಬುಕ್. ಹಳೆಯ ಬಿಲ್ಲುಗಳ ಫೈಲೂ ಬೇಕಾಗುತ್ತದೆ.

1. ನೋಟಿಸ್ ಬಂದ ದಿನ

ಲಕೋಟೆ ಎಸೆಯಬೇಡಿ. ಅದರ ಮೇಲೆ ಕೈಗೆ ಬಂದ ತಾರೀಖು ಬರೆದಿಡಿ. ಮೇಲ್‌ನಲ್ಲಿ ಬಂದಿದ್ದರೆ ಪೂರ್ತಿ ಮೇಲ್ ಉಳಿಸಿಕೊಳ್ಳಿ.

ಈ ತಾರೀಖು ಯಾಕೆ ಮುಖ್ಯ ಗೊತ್ತಾ? ಪೇಟೆಂಟ್ ಕಾಯ್ದೆಯ 111ನೇ ಕಲಂ ಪ್ರಕಾರ, ಇಂಥದ್ದೊಂದು ಪೇಟೆಂಟ್ ಇದೆ ಅಂತ ನಿಮಗೆ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ ಅಂತ ನೀವು ಸಾಬೀತು ಮಾಡಿದರೆ ಆ ಅವಧಿಯ ಮಾರಾಟಕ್ಕೆ ನಷ್ಟ ಪರಿಹಾರ ಕೊಡಬೇಕಾಗಿಲ್ಲ. ಅವರ ಪ್ಯಾಕೆಟ್ ಮೇಲೆ ಬರೀ "ಪೇಟೆಂಟೆಡ್" ಅಂತ ಇದ್ದು ಪೇಟೆಂಟ್ ನಂಬರ್ ಇಲ್ಲದಿದ್ದರೆ, "ನೋಡಿ, ಗೊತ್ತಾಗಬೇಕಿತ್ತು" ಅಂತ ಅವರು ಹೇಳುವ ಹಾಗಿಲ್ಲ. ನೋಟಿಸ್ ಕೈಗೆ ಬಂದ ಮೇಲೆ ಮಾತ್ರ ಗೊತ್ತಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ. ಆದ್ದರಿಂದ ಅವತ್ತೇ ಸ್ಟಾಕ್ ಎಣಿಸಿ ಬರೆಯಿರಿ. ಅಲ್ಲಿಯವರೆಗಿನ ಮಾರಾಟ ಒಂದು ಹಾಳೆಯಲ್ಲಿ, ಅಲ್ಲಿಂದ ಮುಂದಿನದು ಇನ್ನೊಂದು ಹಾಳೆಯಲ್ಲಿ. ಒಂದು ಎಚ್ಚರ: ಈ ಕಲಂ ತಪ್ಪಿಸುವುದು ದುಡ್ಡಿನ ಹೊರೆಯನ್ನು ಮಾತ್ರ. ಮಾರಬಾರದು ಅನ್ನುವ ತಡೆಯಾಜ್ಞೆಯನ್ನು ತಪ್ಪಿಸುವುದಿಲ್ಲ.

ಆಗುವ ದೊಡ್ಡ ಎಡವಟ್ಟು ವಾಟ್ಸಾಪ್‌ನಲ್ಲಿ. "ಸಾರಿ ಸರ್, ಗೊತ್ತಿರ್ಲಿಲ್ಲ, ಇನ್ಮೇಲೆ ಮಾಡಲ್ಲ" ಅಂತ ಒಂದು ಮೆಸೇಜ್ ಹಾಕಿದಿರೋ, ತಪ್ಪು ಒಪ್ಪಿಕೊಂಡ ಹಾಗೆ. ಮೂರು ತಿಂಗಳ ಮೇಲೆ ಅದೇ ಮೆಸೇಜಿನ ಪ್ರಿಂಟು ಕೋರ್ಟಿನ ಕಡತದಲ್ಲಿ ಇರುತ್ತದೆ. ಫೋನ್ ಮಾಡಿ ಜಗಳ ಆಡುವುದೂ ಬೇಡ. ನೋಟಿಸಿನಲ್ಲಿ "7 ದಿನದೊಳಗೆ", "15 ದಿನದೊಳಗೆ" ಅಂತ ಬರೆದಿರುತ್ತಾರೆ. ಆ ಗಡುವು ಕಳಿಸಿದವರು ಹಾಕಿದ್ದು, ಕಾನೂನು ಹಾಕಿದ್ದಲ್ಲ. ಹಾಗಂತ ಸುಮ್ನೆ ಕೂರಬೇಡಿ. ಆ ದಿನಗಳನ್ನು ಮುಂದಿನ ಹಂತಗಳಿಗೆ ಬಳಸಿ.

2. ಅವರ ಹತ್ತಿರ ಇರುವ ಹಕ್ಕು ಯಾವುದು?

ನೋಟಿಸಿನಲ್ಲಿ "ನಮ್ಮ ಪೇಟೆಂಟ್" ಅಂತ ಬರೆದಿದ್ದರೂ ಒಳಗೆ ಇರುವುದು ಮೂರರಲ್ಲಿ ಒಂದು. ನಂಬರ್ ನೋಡಿದರೆ ಗೊತ್ತಾಗುತ್ತದೆ.

ಹನ್ನೆರಡು ಅಂಕಿಯ ನಂಬರ್ ಇದ್ದರೆ ಅದು ಅರ್ಜಿಯ ನಂಬರ್, ಪೇಟೆಂಟಿನದ್ದಲ್ಲ. 2016ರಿಂದ ಈ ಪದ್ಧತಿ ಇದೆ. ಮೊದಲ ನಾಲ್ಕು ಅಂಕಿ ವರ್ಷ. ಐದನೆಯದು ಕಚೇರಿ: 1 ದೆಹಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈಗೆ. ಆರನೆಯದು ಅರ್ಜಿಯ ಬಗೆ: 1 ಇದ್ದರೆ ಸಾಮಾನ್ಯ ಅರ್ಜಿ, 7 ಇದ್ದರೆ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಹೊರಗಿನಿಂದ ಬಂದದ್ದು. ಅರ್ಜಿ ಮಾತ್ರ ಇದ್ದು ಪೇಟೆಂಟ್ ಇನ್ನೂ ಮಂಜೂರಾಗದಿದ್ದರೆ ಅವರು ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ. ಆದರೆ ನಾಳೆ ಮಂಜೂರಾದರೆ, ಅರ್ಜಿ ಪ್ರಕಟವಾದ ದಿನದಿಂದಲೇ ಲೆಕ್ಕ ಹಾಕಿ ಪರಿಹಾರ ಕೇಳಬಹುದು. ಅರ್ಜಿ ಪ್ರಕಟವಾಗುವುದು ಸಾಮಾನ್ಯವಾಗಿ 18 ತಿಂಗಳಿಗೆ.

ಕೊನೆಗೆ ಅಡ್ಡಗೆರೆ ಹಾಕಿ 001 ಅಂತ ಇದ್ದರೆ ಅದು ವಿನ್ಯಾಸದ ನೋಂದಣಿ, ಅಂದರೆ ಡಿಸೈನ್. ಇದು ಪೂರ್ತಿ ಬೇರೆ ಪ್ರಾಣಿ. ಪೇಟೆಂಟ್ ಕಾಯುವುದು ವಸ್ತು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು, ಡಿಸೈನ್ ಕಾಯುವುದು ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು. ಬ್ಯಾಟ್ ಗ್ರಿಪ್ಪಿನ ಮೇಲಿನ ಚೆವ್ರಾನ್ ಗೆರೆ (ಇಂಗ್ಲಿಷಿನ V ಆಕಾರದ್ದು), ಆಕ್ಟೋಪಸ್ ಅಂತ ಕರೆಯುವ ಸಾಲು ಗುಳಿ, ಬಣ್ಣದ ಪಟ್ಟಿ ಇವೆಲ್ಲ ಸಾಮಾನ್ಯವಾಗಿ ಡಿಸೈನ್ ಕಡೆ ಬರುತ್ತವೆ. ಕ್ರೀಡಾ ಸಾಮಗ್ರಿಗೆ ಅಲ್ಲಿ 21-02 ಅನ್ನುವ ವರ್ಗ. ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಡಿಸೈನ್ ಜಗಳದಲ್ಲಿ ಮಾತ್ರ "ಒಂದೇ ಥರ ಕಾಣ್ತದಾ" ಅನ್ನುವ ಪ್ರಶ್ನೆಗೆ ಬೆಲೆ. ಗೆರೆ ಇರುವುದು ಕೈ ಜಾರದಿರಲಿ ಅಂತ ಮಾತ್ರ, ಅಂದಕ್ಕಲ್ಲ ಅಂತ ತೋರಿಸಲು ಆದರೆ ಅದು ಒಳ್ಳೆಯ ವಾದ. ಬರೀ ಕೆಲಸಕ್ಕೆ ಬೇಕಾದ ಆಕಾರಕ್ಕೆ ಡಿಸೈನ್ ರಕ್ಷಣೆ ಸಿಗಬಾರದು.

ಇನ್ನು ಉಳಿದದ್ದು ಸಾಮಾನ್ಯವಾಗಿ ಆರಂಕಿಯ ಪೇಟೆಂಟ್ ನಂಬರ್. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಕೆಲವರು ಅಮೆರಿಕದ ಪೇಟೆಂಟಿನ ಪ್ರತಿ ಲಗತ್ತಿಸಿ ಹೆದರಿಸುತ್ತಾರೆ. ಅಮೆರಿಕದ ಪೇಟೆಂಟ್ ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ. ಅದರ ನಂಬರ್ ಕೊನೆಯಲ್ಲಿ ಎ1 ಅಂತ ಇದ್ದರೆ ಅದು ಅಲ್ಲಿಯೂ ಬರೀ ಅರ್ಜಿ. ಬಿ1 ಅಥವಾ ಬಿ2 ಇದ್ದರೆ ಮಂಜೂರಾದದ್ದು. ನೀವು ಜಲಂಧರದಿಂದಲೋ ಮೀರತ್‌ನಿಂದಲೋ ಮಾಲು ತರಿಸಿ ಹುಬ್ಬಳ್ಳಿಯಲ್ಲಿ ಮಾರುತ್ತಿದ್ದರೆ ಅದರ ಗೊಡವೆ ನಿಮಗಿಲ್ಲ. ಅಮೆಜಾನ್‌ನ ಅಮೆರಿಕದ ಮಳಿಗೆಯಲ್ಲಿ ಮಾರುತ್ತಿದ್ದರೆ ಮಾತು ಬೇರೆ.

3. ಆ ಪೇಟೆಂಟಿಗೆ ಜೀವ ಇದೆಯಾ?

ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಅನ್ನುವ ಹುಡುಕುತಾಣ ಉಚಿತ. ನಂಬರ್ ಹಾಕಿ. ಅರ್ಜಿಯ ಸ್ಥಿತಿ, ಅದರ ಪಕ್ಕದಲ್ಲಿ ಇ-ರಿಜಿಸ್ಟರ್ ಸಿಗುತ್ತದೆ. ಅಲ್ಲಿ ಮಾಲೀಕರ ಹೆಸರು, ನವೀಕರಣ ಶುಲ್ಕ ಎಲ್ಲಿಯವರೆಗೆ ಕಟ್ಟಿದ್ದಾರೆ, ಈಗ ಜಾರಿಯಲ್ಲಿದೆಯಾ ಎಲ್ಲ ಇರುತ್ತದೆ.

ಪೇಟೆಂಟಿನ ಆಯುಷ್ಯ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆದರೆ ಮೂರನೆಯ ವರ್ಷದಿಂದ ಪ್ರತಿ ವರ್ಷಕ್ಕೂ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ನಿಂತುಹೋಗುತ್ತದೆ. ನಿಂತ ಮೇಲೆ 18 ತಿಂಗಳೊಳಗೆ ಅರ್ಜಿ ಹಾಕಿ ಮತ್ತೆ ಜೀವ ತರಿಸಬಹುದು. ಹಾಗೆ ಎದ್ದು ಬಂದರೂ, ಸತ್ತಿದ್ದ ಅವಧಿಯಲ್ಲಿ ಮಾಡಲು ಶುರು ಮಾಡಿದವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಹೀಗಾಗಿ ಆ ಪುಟದ ಪ್ರಿಂಟು ತೆಗೆದು ಇವತ್ತಿನ ತಾರೀಖು ಹಾಕಿಟ್ಟುಕೊಳ್ಳಿ.

ಮಾಲೀಕರ ಹೆಸರೂ ನೋಡಿ. ನೋಟಿಸ್ ಕಳಿಸಿದವರು ಒಬ್ಬರು, ರಿಜಿಸ್ಟರಿನಲ್ಲಿ ಇರುವವರು ಇನ್ನೊಬ್ಬರು ಅಂತಾದರೆ, ಹಕ್ಕು ವರ್ಗಾವಣೆಯ ಕಾಗದ ಕೇಳುವ ಅಧಿಕಾರ ನಿಮಗಿದೆ.

4. ಆ ಉದ್ದನೆಯ ವಾಕ್ಯ

ಈಗ ಬಂತು ನಿಜವಾದ ಕೆಲಸ. ಒಂದು ಗಂಟೆ ಫೋನ್ ಬದಿಗಿಡಿ.

ಪೇಟೆಂಟ್ ದಾಖಲೆಯಲ್ಲಿ ಮೊದಲು ಹಿನ್ನೆಲೆ, ಆಮೇಲೆ ವಿವರಣೆ, ಚಿತ್ರ, ಕೊನೆಗೆ ಕ್ಲೇಮುಗಳು. ಕ್ಲೇಮು ಅಂದರೆ "ನನ್ನ ಹೊಲದ ಗಡಿ ಇಲ್ಲಿಂದ ಇಲ್ಲಿಯವರೆಗೆ" ಅಂತ ಬರೆದ ಚಕ್ಕುಬಂದಿ ಅಂದುಕೊಳ್ಳಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ರಸ್ತೆ ಅಂತ ಬರೆಯುವುದಿಲ್ಲವಾ, ಹಾಗೆಯೇ. ಹೊಲದ ಫೋಟೋ ಎಷ್ಟೇ ಚೆನ್ನಾಗಿದ್ದರೂ ಗಡಿ ತೀರ್ಮಾನ ಆಗುವುದು ಚಕ್ಕುಬಂದಿಯಿಂದ.

ಒಂದು ಉದಾಹರಣೆ ಕಟ್ಟೋಣ. ಇದು ನಾನು ಈ ಲೇಖನಕ್ಕಾಗಿ ಮಾಡಿದ್ದು, ಯಾರ ಪೇಟೆಂಟೂ ಅಲ್ಲ. ಕ್ಲೇಮ್ 1 ಹೀಗಿದೆ ಅಂದುಕೊಳ್ಳಿ:

"ಕ್ರಿಕೆಟ್ ಬ್ಯಾಟಿನ ಹಿಡಿಗೆ ತೊಡಿಸುವ ಗ್ರಿಪ್, ಅದು ಕೊಳವೆಯಾಕಾರದ ರಬ್ಬರ್ ಪದರವನ್ನೂ, ಆ ಪದರದ ಹೊರಮೈ ಮೇಲೆ ಓರೆಯಾಗಿ ಎದ್ದ ಏಣುಗಳನ್ನೂ, ಪದರದ ಒಳಮೈಗೆ ಅಂಟಿಸಿದ ಫೆಲ್ಟ್ ಬಟ್ಟೆಯನ್ನೂ ಒಳಗೊಂಡಿದ್ದು, ಕೆಳಗೈ ಹಿಡಿಯುವ ಭಾಗದ ದಪ್ಪ ಮೇಲುಗೈ ಹಿಡಿಯುವ ಭಾಗದ ದಪ್ಪಕ್ಕಿಂತ ಹೆಚ್ಚಾಗಿರುತ್ತದೆ."

ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ ಈ ವಾಕ್ಯವನ್ನು ತುಂಡು ತುಂಡಾಗಿ ಬರೆಯಿರಿ. ಅ: ಕೊಳವೆಯಾಕಾರದ ರಬ್ಬರ್ ಪದರ. ಆ: ಹೊರಮೈಯಲ್ಲಿ ಓರೆ ಏಣು. ಇ: ಒಳಗೆ ಅಂಟಿಸಿದ ಫೆಲ್ಟ್. ಈ: ಕೆಳಗೈ ಕಡೆ ದಪ್ಪ ಜಾಸ್ತಿ. ಬಲಗಡೆ ನಿಮ್ಮ ಗ್ರಿಪ್ಪಿನಲ್ಲಿ ಏನಿದೆ ಅಂತ ಬರೆಯಿರಿ. "ಇದೆ" ಅಥವಾ "ಇಲ್ಲ" ಅಂತ ಮಾತ್ರ ಬರೆದು ಬಿಡಬೇಡಿ. ಏನಿದೆ ಅಂತ ಬರೆಯಿರಿ.

ನಿಮ್ಮ ಗ್ರಿಪ್ಪಿನಲ್ಲಿ ಅ, ಆ, ಇ ಇವೆ. ಆದರೆ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ. ಹಾಗಿದ್ದರೆ ಈ ಕ್ಲೇಮಿನ ಅಕ್ಷರದೊಳಗೆ ನೀವು ಬೀಳುವುದಿಲ್ಲ. ನಾಲ್ಕರಲ್ಲಿ ಮೂರು ಹೊಂದಿದರೆ ಮುಕ್ಕಾಲು ತಪ್ಪು ಅಂತ ಇಲ್ಲಿ ಲೆಕ್ಕವಿಲ್ಲ. ಎಲ್ಲವೂ ಇರಬೇಕು.

ಇಲ್ಲಿ ಜನ ಎಡವುವ ಜಾಗಗಳು ನಾಲ್ಕು.

ಒಂದು, ಹೆಚ್ಚಿಗೆ ಸೇರಿಸಿದರೆ ಬಚಾವು ಅಂದುಕೊಳ್ಳುವುದು. ಕ್ಲೇಮಿನಲ್ಲಿ "ಒಳಗೊಂಡಿದೆ" ಅನ್ನುವ ಅರ್ಥದ ಪದ ಇದ್ದರೆ, ನಾಲ್ಕೂ ಅಂಶ ಇಟ್ಟುಕೊಂಡು ಐದನೆಯದಾಗಿ ಸುವಾಸನೆ ಸೇರಿಸಿದರೂ ನೀವು ಒಳಗೇ ಇದ್ದೀರಿ. "ಇಷ್ಟರಿಂದ ಮಾತ್ರ ಆಗಿದೆ" ಅನ್ನುವ ಅರ್ಥದ ಪದ ಇದ್ದರೆ ಕಥೆ ಬೇರೆ. ಆ ಒಂದು ಪದಕ್ಕೆ ಅಡಿಗೆರೆ ಹಾಕಿ.

ಎರಡು, ಕ್ಲೇಮ್ 1 ಓದಿ ನಿಲ್ಲಿಸುವುದು. "ಕ್ಲೇಮ್ 1ರಲ್ಲಿ ಹೇಳಿದಂಥ ಗ್ರಿಪ್, ಅದರಲ್ಲಿ ಫೆಲ್ಟ್..." ಅಂತ ಶುರುವಾಗುವ ಕ್ಲೇಮುಗಳು ಮೊದಲನೆಯದರ ಮಕ್ಕಳು. ಮೊದಲನೆಯದರಿಂದ ನೀವು ಹೊರಗಿದ್ದರೆ ಇವುಗಳಿಂದಲೂ ಹೊರಗೆ. ಆದರೆ ಕ್ಲೇಮ್ 9 ಯಾರ ಹೆಸರನ್ನೂ ಹೇಳದೆ "ಗ್ರಿಪ್ ತಯಾರಿಸುವ ವಿಧಾನ" ಅಂತ ಶುರುವಾದರೆ ಅದು ಸ್ವತಂತ್ರ. ಅದಕ್ಕೆ ಬೇರೆ ಹಾಳೆ ಬೇಕು.

ಮೂರು, ಒಂದು ಸಣ್ಣ ಬದಲಾವಣೆ ಸಾಕು ಅಂದುಕೊಳ್ಳುವುದು. 1970ರ ದಶಕದಲ್ಲಿ ದೆಹಲಿ ಹೈಕೋರ್ಟಿನಲ್ಲಿ ರಾಜ್ ಪ್ರಕಾಶ್ ಮತ್ತು ಮಂಗತ್ ರಾಮ್ ನಡುವೆ ಫಿಲ್ಮ್ ಸ್ಟ್ರಿಪ್ ನೋಡುವ ಪುಟ್ಟ ಯಂತ್ರದ ಬಗ್ಗೆ ಜಗಳ ನಡೆಯಿತು. ಮುಖ್ಯವಲ್ಲದ ಸಣ್ಣಪುಟ್ಟ ಬದಲಾವಣೆ ಮಾಡಿ ತಿರುಳನ್ನು ಹಾಗೇ ತೆಗೆದುಕೊಂಡರೆ ಅದೂ ಉಲ್ಲಂಘನೆಯೇ ಅಂತ ಕೋರ್ಟು ಹೇಳಿತು. ನಮ್ಮ ಉದಾಹರಣೆಯಲ್ಲಿ ಫೆಲ್ಟ್ ಬದಲು ಅದೇ ಕೆಲಸ ಮಾಡುವ ಇನ್ನೊಂದು ಬಟ್ಟೆ ಹಾಕಿದರೆ ಈ ಅಪಾಯ ಇದೆ. ದಪ್ಪದ ವ್ಯತ್ಯಾಸವನ್ನೇ ತೆಗೆದರೆ ಅಪಾಯ ಕಮ್ಮಿ, ಯಾಕೆಂದರೆ ಕೆಳಗೈ ಕಡೆ ದಪ್ಪ ಇರುವುದೇ ಆ ಗ್ರಿಪ್ಪಿನ ವಿಶೇಷ.

ನಾಲ್ಕು, "ನಾನು ಮಾಡಿದ್ದಲ್ಲ, ತರಿಸಿ ಮಾರಿದ್ದಷ್ಟೇ" ಅನ್ನುವ ಸಮಾಧಾನ. ಕಾಯ್ದೆಯಲ್ಲಿ ಮಾಡುವುದು, ಬಳಸುವುದು, ಮಾರುವುದು, ಮಾರಾಟಕ್ಕೆ ಇಡುವುದು, ಆಮದು ಮಾಡುವುದು ಎಲ್ಲ ಒಂದೇ ಸಾಲಿನಲ್ಲಿವೆ. ಚೀನಾದಿಂದ ಕಂಟೇನರ್‌ನಲ್ಲಿ ಬಂದ ಓವರ್‌ಗ್ರಿಪ್ಪಿಗೆ ಇಲ್ಲಿ ತರಿಸಿದವರೇ ಹೊಣೆ.

5. ಅಳತೆ

ದಪ್ಪ, ಕೋನ, ಗಡಸುತನ ಇಂಥ ಅಂಕಿಗಳು ಕ್ಲೇಮಿನಲ್ಲಿ ಇದ್ದರೆ ಅಂದಾಜಿನ ಮೇಲೆ ಬಿಡಬೇಡಿ.

ರಬ್ಬರ್ ಗ್ರಿಪ್ಪಿನಲ್ಲಿ ಒಂದು ಮೋಸ ಇದೆ. ಪ್ಯಾಕೆಟ್ಟಿನಲ್ಲಿ ಇದ್ದಾಗ ಒಂದು ದಪ್ಪ, ಗ್ರಿಪ್ ತೊಡಿಸಲು ಬಳಸುವ ಕೋನ್ ಮೇಲೆ ಏರಿಸಿ ಬ್ಯಾಟಿಗೆ ಉರುಳಿಸಿದ ಮೇಲೆ ಇನ್ನೊಂದು. ರಬ್ಬರು ಅಗಲಕ್ಕೆ ಹಿಗ್ಗುತ್ತದೆ, ದಪ್ಪ ಇಳಿಯುತ್ತದೆ. ನಾನೇ ಒಮ್ಮೆ ಪ್ಯಾಕೆಟ್ಟಿನದ್ದನ್ನು ಮಾತ್ರ ಅಳೆದು, ಕ್ಲೇಮಿನ ಅಂಕಿಯೊಳಗೆ ಬಿತ್ತು ಅಂತ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದೆ. ಆಮೇಲೆ ಕ್ಲೇಮನ್ನು ಮತ್ತೆ ಓದಿದರೆ "ಹಿಡಿಗೆ ತೊಡಿಸಿದ ಸ್ಥಿತಿಯಲ್ಲಿ" ಅನ್ನುವ ಎರಡು ಮೂರು ಪದ ಕಣ್ಣಿಗೆ ಬಿತ್ತು. ತೊಡಿಸಿ ಅಳೆದರೆ ಅಂಕಿ ಹೊರಗೆ.

ಆದ್ದರಿಂದ ಎರಡೂ ಅಳೆಯಿರಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ. ಬ್ಯಾಟಿನ ಹಿಡಿ ಎಷ್ಟೋ ಸಲ ಪೂರ್ತಿ ದುಂಡಗಿರುವುದಿಲ್ಲ, ಕೆಳಗಡೆ ಮೊಟ್ಟೆಯಾಕಾರ ಇರುತ್ತದೆ. ಹಾಗಾಗಿ ಎದುರು ಮತ್ತು ಪಕ್ಕ ಎರಡೂ ಕಡೆಯಿಂದ ಕ್ಯಾಲಿಪರ್ ಹಿಡಿಯಿರಿ. ಒಂದು ಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಪದರ ಎಷ್ಟಿದೆ, ಒಳಗಿರುವುದು ಬಟ್ಟೆಯಾ ಫೋಮಾ ಅಂತ ಹೀಗೆ ಸೀಳಿದರಷ್ಟೇ ಗೊತ್ತಾಗುವುದು. ಅದೇ ಬ್ಯಾಚಿನ ಉಳಿದ ಪ್ಯಾಕೆಟ್ಟುಗಳನ್ನು ಒಡೆಯದೆ ಬಿಲ್ಲಿನ ಜೊತೆ ಇಟ್ಟುಬಿಡಿ.

6. ಇದು ಮೊದಲೇ ಇತ್ತಾ?

ಅಳತೆ ಮಾಡಿದ ಮೇಲೂ ನಿಮ್ಮ ಗ್ರಿಪ್ಪು ಕ್ಲೇಮಿನ ಒಳಗೇ ಬಿತ್ತು ಅಂದುಕೊಳ್ಳಿ. ಆಗಲೂ ಬಾಗಿಲು ಮುಚ್ಚಿಲ್ಲ. ಅವರ ಅರ್ಜಿಯ ದಿನಕ್ಕಿಂತ ಮುಂಚೆಯೇ ಅಂಥದ್ದು ಇತ್ತು ಅಂತ ತೋರಿಸಿದರೆ ಪೇಟೆಂಟೇ ಬಿದ್ದುಹೋಗುತ್ತದೆ. ಹೀಗೆ ಮೊದಲೇ ಇದ್ದದ್ದಕ್ಕೆ ಈ ಕಸುಬಿನಲ್ಲಿ ಪ್ರಯರ್ ಆರ್ಟ್ ಅನ್ನುತ್ತಾರೆ.

ಹಿಡಿ, ಗ್ರಿಪ್ಪಿನ ವಿಷಯದಲ್ಲಿ ಹಳೆಯದು ರಾಶಿ ಇದೆ. ಈಗ ಎಲ್ಲ ಬ್ಯಾಟಿನಲ್ಲೂ ಇರುವ, ಬೆತ್ತದ ಹಿಡಿಯನ್ನು ಮರಕ್ಕೆ ಬೆಣೆಯಂತೆ ಸೇರಿಸುವ ವಿನ್ಯಾಸವನ್ನು 1880ರ ದಶಕದಲ್ಲಿ ರೂಪಿಸಿದವರು ಚಾರ್ಲ್ಸ್ ರಿಚರ್ಡ್‌ಸನ್, ಇಂಗ್ಲೆಂಡಿನ ಸೆವರ್ನ್ ರೈಲು ಸುರಂಗದ ಎಂಜಿನಿಯರ್. ಪಾಲಿಯುರೆಥೇನ್ ಮೇಲ್ಪದರ, ಫೆಲ್ಟ್ ಒಳಪದರದ ರಾಕೆಟ್ ಮತ್ತು ಗಾಲ್ಫ್ ಗ್ರಿಪ್ಪುಗಳ ಮೇಲೆ ಬೆನ್ ಹುವಾಂಗ್ ಅನ್ನುವವರು 1990ರ ದಶಕದಿಂದಲೇ ಅಮೆರಿಕದಲ್ಲಿ ಸಾಲು ಸಾಲು ಪೇಟೆಂಟ್ ತೆಗೆದಿದ್ದಾರೆ. ನಿಮ್ಮ ಎದುರಾಳಿಯ ಕ್ಲೇಮಿನಲ್ಲಿ ಈ ಎರಡು ಪದರದ ಮಾತು ಬಂದರೆ ಮೊದಲು ಅಲ್ಲಿ ಹುಡುಕಿ.

ಹುಡುಕುವುದು ಹೇಗೆ? ಗೂಗಲ್ ಪೇಟೆಂಟ್ಸ್ ಮತ್ತು ಯುರೋಪಿನ ಎಸ್ಪಾಸ್‌ನೆಟ್ ಎರಡೂ ಉಚಿತ. ಬರೀ "ಬ್ಯಾಟ್ ಗ್ರಿಪ್" ಅಂತ ಹಾಕಿದರೆ ಕಸ ಬರುತ್ತದೆ. ವರ್ಗದ ಸಂಖ್ಯೆ ಹಾಕಿ: ಎ63ಬಿ 60/06 ಅಂದರೆ ಆಟದ ಸಾಮಗ್ರಿಯ ಹಿಡಿಗಳು, ಎ63ಬಿ 60/14 ಅಂದರೆ ಹಿಡಿಗೆ ಹಾಕುವ ಕವಚ, ಸುತ್ತುವ ಪಟ್ಟಿ. ಟೆನಿಸ್, ಗಾಲ್ಫ್, ಬೇಸ್‌ಬಾಲ್ ಎಲ್ಲವೂ ಅಲ್ಲೇ ಸಿಗುತ್ತವೆ. ಕ್ರಿಕೆಟ್ ಮಾತ್ರ ನೋಡಬೇಡಿ. ಬೇಸ್‌ಬಾಲ್ ಬ್ಯಾಟಿನ ಹಳೆಯ ಗ್ರಿಪ್ಪೂ ಪ್ರಯರ್ ಆರ್ಟೇ.

ಪೇಟೆಂಟ್ ಅಲ್ಲದ ದಾಖಲೆಯೂ ನಡೆಯುತ್ತದೆ. ಹಳೆಯ ಕ್ಯಾಟಲಾಗು, ತಾರೀಖು ಇರುವ ಆನ್‌ಲೈನ್ ಪಟ್ಟಿ, ಪತ್ರಿಕೆಯ ಜಾಹೀರಾತು. ಒಂದು ಸೂಕ್ಷ್ಮ ಇದೆ. ಪ್ರಕಟವಾದದ್ದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸಾಕು. ಆದರೆ "ಬಳಕೆಯಲ್ಲಿತ್ತು" ಅಂತ ವಾದಿಸುವುದಾದರೆ ಆ ಬಳಕೆ ಭಾರತದಲ್ಲಿ ಆಗಿರಬೇಕು. ನಿಮ್ಮೂರ ಕ್ಲಬ್ಬಿನ ಕಿಟ್ ರೂಮಿನಲ್ಲಿ ಹಳೆಯ ಬ್ಯಾಟು ಬಿದ್ದಿರಬಹುದು. ಆದರೆ ಬ್ಯಾಟು ಒಂದೇ ಸಾಲದು. ಅದರ ಗ್ರಿಪ್ ಯಾವ ವರ್ಷದ್ದು ಅಂತ ಹೇಳುವ ಬಿಲ್ಲೋ ಫೋಟೋವೋ ಬೇಕು. ಡಿಜಿಟಲ್ ಫೋಟೋ, ಸ್ಕ್ರೀನ್‌ಶಾಟ್ ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಕಾಯ್ದೆ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಇದು ವಕೀಲರಿಗೆ ಗೊತ್ತಿರುತ್ತದೆ, ನೀವು ಮೂಲ ಫೈಲ್ ಅಳಿಸದಿದ್ದರೆ ಸಾಕು.

ಪೂರ್ತಿ ಅಂಥದ್ದೇ ಸಿಗದಿದ್ದರೆ? ಎರಡು ಹಳೆಯದನ್ನು ಸೇರಿಸಿದರೆ ಯಾವ ಕಸುಬುದಾರನಿಗೂ ಹೊಳೆಯುವಂಥದ್ದು ಅಂತ ವಾದಿಸಬಹುದು. ಇಲ್ಲಿ 1978ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಡಿ: ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್. ಲೇತ್ ಮೇಲೆ ಪಾತ್ರೆ ಅಲ್ಲಾಡದಂತೆ ಹಿಡಿಯುವ ವಿಧಾನಕ್ಕೆ ಪೇಟೆಂಟ್ ಇತ್ತು. ಇದು ವರ್ಕ್‌ಶಾಪಿನಲ್ಲಿ ಆಗುವ ಮಾಮೂಲಿ ಸುಧಾರಣೆ, ಹೊಸ ಶೋಧವಲ್ಲ ಅಂತ ಕೋರ್ಟು ಆ ಪೇಟೆಂಟನ್ನು ಉಳಿಸಲಿಲ್ಲ. ಗ್ರಿಪ್ಪಿನ ಪೇಟೆಂಟುಗಳಲ್ಲಿ ಎಷ್ಟೋ ಈ ಜಾತಿಯವೇ ಅನ್ನುವುದು ನನ್ನ ಅನಿಸಿಕೆ.

7. ಉತ್ತರ

ಈಗ ನಿಮ್ಮ ನೋಟ್‌ಬುಕ್, ಅಳತೆ, ಹಳೆಯ ದಾಖಲೆ ಹಿಡಿದು ಪೇಟೆಂಟ್ ಗೊತ್ತಿರುವ ವಕೀಲರ ಹತ್ತಿರ ಹೋಗಿ. ಜಮೀನು ವ್ಯಾಜ್ಯ ನೋಡುವ ನಿಮ್ಮ ಪರಿಚಯದ ವಕೀಲರು ಒಳ್ಳೆಯವರೇ ಇರಬಹುದು, ಆದರೆ ಈ ಕೆಲಸಕ್ಕೆ ಕ್ಲೇಮು ಓದಿದ ಅನುಭವ ಬೇಕು. ನೀವು ಇಷ್ಟು ತಯಾರಾಗಿ ಹೋದರೆ ಅವರ ಸಮಯವೂ ಉಳಿಯುತ್ತದೆ, ನಿಮ್ಮ ಫೀಸೂ.

ಮುಂದಿರುವ ದಾರಿಗಳು ಇವು. ನೀವು ಕ್ಲೇಮಿನ ಹೊರಗಿದ್ದರೆ, ಯಾವ ಅಂಶ ಇಲ್ಲ ಅಂತ ಬರೆದು ಚಿಕ್ಕ ಉತ್ತರ. ಊಹೆ, ಬೈಗುಳ ಬೇಡ. ಇನ್ನೂ ಗಟ್ಟಿ ಬೇಕಾದರೆ 105ನೇ ಕಲಂ ಇದೆ: ನಿಮ್ಮ ಗ್ರಿಪ್ಪಿನ ಪೂರ್ತಿ ವಿವರ ಕೊಟ್ಟು, "ಇದು ನಿಮ್ಮ ಪೇಟೆಂಟಿನೊಳಗೆ ಬರುವುದಿಲ್ಲ ಅಂತ ಬರೆದುಕೊಡಿ" ಅಂತ ಕೇಳಬಹುದು. ಕೊಡದಿದ್ದರೆ ನೀವೇ ಕೋರ್ಟಿಗೆ ಹೋಗಿ ಆ ಘೋಷಣೆ ಪಡೆಯಬಹುದು.

ಆಧಾರವಿಲ್ಲದೆ ನಿಮ್ಮ ಗಿರಾಕಿಗಳಿಗೆಲ್ಲ ಬೆದರಿಕೆ ಪತ್ರ ಕಳಿಸುತ್ತಿದ್ದರೆ 106ನೇ ಕಲಂ ಕೆಳಗೆ ಅದನ್ನು ನಿಲ್ಲಿಸಲು, ಪರಿಹಾರ ಕೇಳಲು ದಾವೆ ಹೂಡಬಹುದು. ಆದರೆ "ಇಂಥ ಪೇಟೆಂಟ್ ಇದೆ" ಅಂತ ಬರೀ ತಿಳಿಸಿದರೆ ಅದು ಬೆದರಿಕೆ ಅಲ್ಲ.

ಪೇಟೆಂಟ್ ಇನ್ನೂ ಮಂಜೂರಾಗಿಲ್ಲವಾ? ಹಾಗಾದರೆ ನಿಮಗೆ ಅದೃಷ್ಟ ಇದೆ. ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪ ಹಾಕಬಹುದು. ಮಂಜೂರಾಗಿ ಒಂದು ವರ್ಷ ಆಗಿಲ್ಲದಿದ್ದರೆ, ಸಂಬಂಧಪಟ್ಟವರು ಪೇಟೆಂಟ್ ಕಚೇರಿಯಲ್ಲೇ ಆಕ್ಷೇಪಿಸಬಹುದು. ಕೋರ್ಟಿಗೆ ಹೋಲಿಸಿದರೆ ಇದು ಎಷ್ಟೋ ಅಗ್ಗ. ಆ ಒಂದು ವರ್ಷ ದಾಟಿದ್ದರೆ ರದ್ದು ಕೇಳಲು ಹೈಕೋರ್ಟಿಗೇ ಹೋಗಬೇಕು.

ಇನ್ನೊಂದು ಸಣ್ಣ ಕೆಲಸ: ಕೇವಿಯಟ್. "ನನ್ನ ಮಾತು ಕೇಳದೆ ಆದೇಶ ಕೊಡಬೇಡಿ" ಅಂತ ಕೋರ್ಟಿಗೆ ಮೊದಲೇ ಹಾಕುವ ಅರ್ಜಿ. 90 ದಿನ ನಡೆಯುತ್ತದೆ. ಆನ್‌ಲೈನ್‌ನಲ್ಲಿ ದೆಹಲಿಗೂ ಮಾಲು ಕಳಿಸುತ್ತಿದ್ದರೆ ಅವರು ದೆಹಲಿ ಹೈಕೋರ್ಟನ್ನೇ ಆರಿಸಿಕೊಳ್ಳುವ ಸಾಧ್ಯತೆ ಇದೆ. ಬೆಂಗಳೂರಿನಲ್ಲಿ ಮಾತ್ರ ಕೇವಿಯಟ್ ಹಾಕಿ ನಿದ್ದೆ ಮಾಡಬೇಡಿ.

8. ದಾವೆ ಹೂಡಿಯೇಬಿಟ್ಟರೆ

ಪೇಟೆಂಟ್ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ. ನೀವು ಉತ್ತರದಲ್ಲಿ "ಈ ಪೇಟೆಂಟನ್ನೇ ರದ್ದು ಮಾಡಿ" ಅಂತ ಪ್ರತಿದಾವೆ ಹಾಕಿದರೆ ಇಡೀ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಖರ್ಚೂ ಅದರ ಹಿಂದೆಯೇ ಹೋಗುತ್ತದೆ. ಲೆಕ್ಕ ಹಾಕಿ ನಿರ್ಧರಿಸಿ.

ಸಮನ್ಸ್ ಬಂದ ಮೇಲೆ ದಿನ ಎಣಿಸಿ. ವಾಣಿಜ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ 30 ದಿನ. ಕಾರಣ ಕೊಟ್ಟರೆ ಹೆಚ್ಚೆಂದರೆ 120 ದಿನ. ಅದು ದಾಟಿದರೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ.

ಅಮೆಜಾನ್‌ನ ಅಮೆರಿಕದ ಮಳಿಗೆಯ ಮಾತು ಹೇಳಿದ್ದೆನಲ್ಲ. ಅಲ್ಲಿ ಕೋರ್ಟಿಗೆ ಹೋಗದೆಯೇ ಪೇಟೆಂಟ್ ತಕರಾರು ತೀರಿಸುವ ಒಂದು ವ್ಯವಸ್ಥೆ ಇದೆ. ಎರಡೂ ಕಡೆಯವರು ತಲಾ 4,000 ಡಾಲರ್ ಇಡಬೇಕು. ಮಾರುವವರು ಕೊಟ್ಟ ಗಡುವಿನಲ್ಲಿ ಉತ್ತರಿಸದಿದ್ದರೆ ಪಟ್ಟಿಯಿಂದ ಸರಕು ಮಾಯ. ಆ ಮೇಲ್ ಬಂದರೆ ಅವತ್ತೇ ನೋಡಿ.

9. ರಾಜಿ

ಎಷ್ಟೋ ಜಗಳ ಮುಗಿಯಬೇಕಾದ್ದು ಇಲ್ಲೇ. ಇರುವ ಸ್ಟಾಕ್ ಮಾರಿ ಮುಗಿಸಲು ಮೂರೋ ಆರೋ ತಿಂಗಳು ಕೇಳಿ. ಅಥವಾ ಒಂದು ಗ್ರಿಪ್ಪಿಗೆ ಇಷ್ಟು ಅಂತ ರಾಯಲ್ಟಿ ಮಾತಾಡಿ. ಏನೇ ಆಗಲಿ ಬರಹದಲ್ಲಿ ಇರಲಿ. ಬಾಯಿಮಾತಿನ ಲೈಸೆನ್ಸಿಗೆ ಪೇಟೆಂಟ್ ಕಾನೂನಿನಲ್ಲಿ ಬೆಲೆ ಇಲ್ಲ, ಅದು ಬರಹದಲ್ಲಿದ್ದು ಪೇಟೆಂಟ್ ಕಚೇರಿಯಲ್ಲಿ ದಾಖಲಾಗಬೇಕು. ಹಳೆಯ ಮಾರಾಟದ ಬಗ್ಗೆ ಮುಂದೆ ಕೇಳುವುದಿಲ್ಲ ಅನ್ನುವ ಸಾಲು ಕರಾರಿನಲ್ಲಿ ಇದೆಯಾ ಅಂತ ನೋಡಿ. ಅದನ್ನು ಬಿಟ್ಟು ಸಹಿ ಮಾಡುವವರು ಜಾಸ್ತಿ.

10. ನಿಮ್ಮ ಗ್ರಿಪ್ಪೇ ಹೊಸದಾಗಿದ್ದರೆ

ಈ ಗಲಾಟೆಯಲ್ಲಿ ಕೆಲವರಿಗೆ "ನಾನೂ ಒಂದು ಪೇಟೆಂಟ್ ಮಾಡಿಸ್ತೀನಿ" ಅನ್ನಿಸುತ್ತದೆ. ಮಾಡಿಸಿ. ಒಬ್ಬ ವ್ಯಕ್ತಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಈಗ 1,600 ರೂಪಾಯಿ, ಪರಿಶೀಲನೆಗೆ 4,000. ಡಿಸೈನ್ ನೋಂದಣಿಗೆ 1,000. ಏಜೆಂಟರ ಫೀಸು ಬೇರೆ. ಬರೀ ಗೆರೆ, ಆಕಾರ ಹೊಸದಾಗಿದ್ದರೆ ಡಿಸೈನೇ ಸಾಕು.

ಒಂದೇ ಒಂದು ಕಟ್ಟುನಿಟ್ಟು: ಅರ್ಜಿ ಹಾಕುವ ಮೊದಲು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬೇಡಿ, ಟೂರ್ನಮೆಂಟಿನಲ್ಲಿ ಹಂಚಬೇಡಿ. ನಿಮ್ಮದೇ ಪೋಸ್ಟು ನಿಮ್ಮ ಪೇಟೆಂಟನ್ನು ಕೊಲ್ಲುವ ಪ್ರಯರ್ ಆರ್ಟ್ ಆಗುತ್ತದೆ. ಪೂರ್ತಿ ತಯಾರಿ ಆಗಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಹಿಡಿದುಕೊಳ್ಳಿ. ಪೂರ್ಣ ಅರ್ಜಿಗೆ 12 ತಿಂಗಳು ಸಮಯ ಇರುತ್ತದೆ. ಅರ್ಜಿ ಹಾಕದೆ, ಇಲ್ಲವೇ ಹಾಕಿ ಮಂಜೂರಾಗುವ ಮೊದಲೇ ಪ್ಯಾಕೆಟ್ ಮೇಲೆ "ಪೇಟೆಂಟೆಡ್" ಅಂತ ಅಚ್ಚು ಹಾಕಿಸಬೇಡಿ. ಅದಕ್ಕೆ ದೊಡ್ಡ ದಂಡ ಇದೆ.

ಪೇಟೆಂಟ್ ಸಿಕ್ಕಿತು ಅಂದರೆ ಮ್ಯಾಚಿನಲ್ಲಿ ಬಳಸಬಹುದು ಅಂತಲೂ ಅಲ್ಲ. ಅದು ಕ್ರಿಕೆಟ್ಟಿನ ನಿಯಮ ಬರೆಯುವ ಎಂಸಿಸಿ ಕ್ಲಬ್ಬಿನ ನಿಯಮದ ವಿಷಯ. ದೊಡ್ಡವರ ಬ್ಯಾಟಿನಲ್ಲಿ ಹಿಡಿ ಇಡೀ ಉದ್ದದ ಶೇ 52ನ್ನು ಮೀರುವಂತಿಲ್ಲ. ದೊಡ್ಡ ಪಂದ್ಯಗಳ ಬ್ಯಾಟಿನ ಹಿಡಿಯಲ್ಲಿ ಬೆತ್ತ, ಮರ, ಹುರಿ ಬಿಟ್ಟು ಬೇರೆ ವಸ್ತು ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇರುವಂತಿಲ್ಲ. 2010ರ ಐಪಿಎಲ್‌ನಲ್ಲಿ ಮ್ಯಾಥ್ಯೂ ಹೇಡನ್ ಚೆನ್ನೈ ಪರ ಹಿಡಿದು ಬಂದ ಉದ್ದ ಹಿಡಿ, ಮೋಟು ಮೈಯ ಮಂಗೂಸ್ ಬ್ಯಾಟು ಆಗಿನ ನಿಯಮದೊಳಗೇ ಇತ್ತು. ಗಾಲ್ಫ್‌ನಲ್ಲಂತೂ ಪಟರ್ (ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಕೋಲು) ಬಿಟ್ಟು ಉಳಿದ ಕ್ಲಬ್ಬಿನ ಗ್ರಿಪ್ಪು ದುಂಡಗೇ ಇರಬೇಕು. ಹೊಸ ಆಕಾರದ ಹಿಡಿಗೆ ಅಚ್ಚು ಮಾಡಿಸುವ ಮೊದಲು ಆಯಾ ಆಟದ ನಿಯಮ ಪುಸ್ತಕ ತೆರೆದು ನೋಡಿ.

ಪೇಟೆಂಟ್ ಬಂದ ಮೇಲೆ ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಫೋನಿನಲ್ಲಿ ಎರಡೂ ಕಡೆ ಗುರುತು ಹಾಕಿ. ಏಜೆಂಟರು ನೆನಪಿಸುತ್ತಾರೆ ಅಂತ ಕೂರಬೇಡಿ. ಅವರು ಕಳಿಸಿದ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿದ್ದು 18 ತಿಂಗಳು ಕಳೆದ ಮೇಲೆ ಕಣ್ಣಿಗೆ ಬಿದ್ದ ಪ್ರಸಂಗ ನಾನು ನೋಡಿದ್ದೇನೆ.